ಮುಚ್ಚಳ ಮುಚ್ಚಿದ್ರೆ ಆಫ್ ಆಯ್ತಾ?

ಸಂಜೆ ಆಫೀಸ್ ಮುಗೀತು. ಲ್ಯಾಪ್‌ಟಾಪ್ ಮುಚ್ಚಳ ಟಪ್ ಅಂತ ಮುಚ್ಚಿ, ಬ್ಯಾಗಿಗೆ ತುರುಕಿ, ಬೈಕ್ ಹತ್ತಿದ್ರೆ ಕೆಲಸ ಮುಗೀತು. ನಮ್ಮಲ್ಲಿ ಬಹುತೇಕರ ಲೆಕ್ಕ ಇಷ್ಟೇ. ಆದರೆ ಮುಚ್ಚಿದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಆಫ್ ಆಗಿರೋದಿಲ್ಲ. ಅದು ಸ್ಲೀಪ್‌ನಲ್ಲಿರುತ್ತೆ.

ಸ್ಲೀಪ್ ಅಂದ್ರೆ ಏನು? ನೀವು ತೆರೆದಿಟ್ಟ ಕೆಲಸವೆಲ್ಲ ಮೆಮೊರಿಯಲ್ಲೇ ಇರುತ್ತೆ. ಅದನ್ನು ಹಿಡಿದಿಟ್ಟುಕೊಳ್ಳೋಕೆ ಬ್ಯಾಟರಿ ಸ್ವಲ್ಪ ಸ್ವಲ್ಪವೇ ಖರ್ಚಾಗ್ತಾ ಇರುತ್ತೆ. ಈಗಿನ ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳದ್ದು ಮೊಬೈಲ್ ಥರ ಕೋಳಿನಿದ್ದೆ. ಗಾಳಿಯಾಡದ ಬ್ಯಾಗಿನೊಳಗೆ ಎಚ್ಚರವಾದರೆ ಮೈ ಬಿಸಿ, ಬ್ಯಾಟರಿ ಖಾಲಿ. ಸೇವ್ ಮಾಡದ ಫೈಲೂ ಹೋಗಬಹುದು.

ಇದಕ್ಕೆ ಪರಿಹಾರ ಹೈಬರ್ನೇಟ್. ಇದು ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಕರೆಂಟನ್ನೇ ಬಿಟ್ಟುಬಿಡುತ್ತೆ. ಮತ್ತೆ ಆನ್ ಮಾಡಿದಾಗ ಕೆಲಸ ಬಿಟ್ಟಲ್ಲಿಂದಲೇ ಶುರು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇದು ಮೆನುವಿನಲ್ಲಿ ಕಾಣೋದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಹುಡುಕಬೇಕು.

ಶಟ್ ಡೌನ್ ಕೊಟ್ರೆ ಪೂರ್ತಿ ಆಫ್ ತಾನೇ ಅಂತೀರಾ? ಅಲ್ಲೂ ಒಂದು ಗುಟ್ಟಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅನ್ನೋ ವ್ಯವಸ್ಥೆ ಇದೆ. ಮುಂದಿನ ಸಲ ಬೇಗ ಆನ್ ಆಗಲಿ ಅಂತ, ಶಟ್ ಡೌನ್ ಮಾಡುವಾಗ ವಿಂಡೋಸ್ ತನ್ನ ಒಳತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟಿರುತ್ತೆ. ಹಾಗಾಗಿ ನಿನ್ನೆಯ ತಕರಾರು ಇವತ್ತೂ ಎದ್ದು ಬರಬಹುದು. ಮೊದಲಿಂದ ಹೊಸದಾಗಿ ಶುರುವಾಗೋದು ರೀಸ್ಟಾರ್ಟ್ ಮಾಡಿದಾಗ. ‘ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸಾರ್’ ಅಂದಾಗ ನಗ್ತೀವಲ್ಲ, ಅದು ಸರಿಯಾದ ಸಲಹೆಯೇ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತು ಯಾಕೆ? 2017ರ ಮೇ ತಿಂಗಳು ನೆನಪಿಸಿಕೊಳ್ಳಿ. ವನ್ನಾಕ್ರೈ ದಾಳಿಗೆ ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳೇ ತತ್ತರಿಸಿಹೋದವು. ಆ ಬಿರುಕು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿತ್ತು. ಹಾಕಿಕೊಳ್ಳದೇ ಇದ್ದ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಇಂಥ ಎಷ್ಟೋ ಅಪ್‌ಡೇಟ್‌ಗಳು ಪೂರ್ತಿ ಕೂರೋದು ರೀಸ್ಟಾರ್ಟ್ ಆದ ಮೇಲೇ. ನಾವು ‘ಆಮೇಲೆ’ ಅಂತ ಒತ್ತುತ್ತಾ, ತಿಂಗಳುಗಟ್ಟಲೆ ಬರೀ ಮುಚ್ಚಳ ಮುಚ್ಚುತ್ತಾ ಇದ್ದರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಹಾಗಾಗಿ ಲೆಕ್ಕ ಸರಳ. ಊಟಕ್ಕೆ ಎದ್ದರೆ ಸ್ಲೀಪ್. ಬ್ಯಾಗಿಗೆ ಹಾಕಿ ಊರಿಗೆ ಹೊರಟರೆ ಹೈಬರ್ನೇಟ್ ಇಲ್ಲವೇ ಶಟ್ ಡೌನ್. ವಾರಕ್ಕೊಮ್ಮೆ, ಅಪ್‌ಡೇಟ್ ಕೇಳಿದಾಗ ತಪ್ಪದೇ, ರೀಸ್ಟಾರ್ಟ್. ಇದಕ್ಕೆ ಬೇಕಾಗೋದು ನಿಮ್ಮ ಐದು ನಿಮಿಷ. ಆ ಲ್ಯಾಪ್‌ಟಾಪ್‌ನಲ್ಲಿ ಇರೋದು ನಿಮ್ಮ ವರ್ಷಗಳ ದುಡಿಮೆ. ಯೋಚನೆ ಮಾಡಿ.