ಮಾತಿಲ್ಲದ ಹಾಡಿನ ರಾಶಿ: ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳುತ್ತಾ



ಒಬ್ಬನೇ ವಾದಕನ ಧ್ವನಿಮುದ್ರಿಕೆಗಳನ್ನು ಒಂದರ ಹಿಂದೊಂದರಂತೆ ರಾಶಿ ಹಾಕಿಕೊಂಡು ಕೇಳಲು ಕುಳಿತಿದ್ದೀರಾ ಎಂದಾದರೂ? ಹಾಡುಗಾರರದಾದರೆ ಕಷ್ಟವಿಲ್ಲ. ಮಾತು ಕೈಹಿಡಿದು ನಡೆಸುತ್ತದೆ. ಇದು ರಾಮನ ಹಾಡು, ಇದು ಕೃಷ್ಣನದು, ಇದು ತಾಯಿ ತೊಟ್ಟಿಲು ತೂಗುವುದು ಎಂದು ಗುರುತು ಹತ್ತುತ್ತದೆ. ಬರೀ ವಾದ್ಯವಾದರೆ ಹಾಗಲ್ಲ. ಐದನೆಯದಕ್ಕೋ ಆರನೆಯದಕ್ಕೋ ಎಲ್ಲವೂ ಒಂದೇ ಬಗೆಯಾಗಿ ಕೇಳತೊಡಗುತ್ತದೆ. ‘ಚೆನ್ನಾಗಿದೆ’ ಎಂದು ತಲೆಯಾಡಿಸುತ್ತೇವೆ, ಆದರೆ ಏನು ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ.

ನಾನು ಹಾಗೆ ರಾಶಿ ಹಾಕಿಕೊಂಡು ಕೇಳಿದ್ದು ಕದ್ರಿ ಗೋಪಾಲನಾಥರನ್ನು. ಕ್ಯಾಸೆಟ್ಟಿನ ಕಾಲದಿಂದ ಸಿ.ಡಿ. ಕಾಲದವರೆಗೆ, ಅಲ್ಲಿಂದ ಈಗಿನ ಮೊಬೈಲಿನವರೆಗೆ, ಅವರ ಸ್ಯಾಕ್ಸೊಫೋನ್ ಮುದ್ರಿಕೆಗಳಿಗೆ ಲೆಕ್ಕ ಹಿಡಿಯುವುದು ಕಷ್ಟ. ಅಲಂಪುರ ಚೌರಸ್ತಾದಲ್ಲಿ ಬಸ್ಸಿಗೆ ಕಾಯುವವರಾಗಲಿ, ಉಂಡವಳ್ಳಿಯಲ್ಲಿ ಹೊಲದಲ್ಲಿ ತೆಲುಗು ಅಡುಗೆಮನೆಯಲ್ಲಿ ಕನ್ನಡ ಆಡುವವರಾಗಲಿ, ಆ ರಾಶಿಯನ್ನು ಕೇಳಿದರೆ ಬೇರೆ ಊರಿನವರಿಗೆ ಸಿಗದ ಒಂದು ಲಾಭ ಸಿಗುತ್ತದೆ. ಅದನ್ನು ಹೇಳಲಿಕ್ಕೇ ಈ ಮಾತು.

ಮೊದಲು ಮನುಷ್ಯರ ವಿಷಯ. ಗೋಪಾಲನಾಥರು 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ನಾವು ಇಲ್ಲಿ ಸನ್ನಾಯಿ ಎನ್ನುತ್ತೇವಲ್ಲ, ಆ ಮನೆತನದ ವಾದ್ಯವೇ. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡ, ಮನಸೋತ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ ಅದು. ಹಿತ್ತಾಳೆಯ ಮೈ, ಬಾಯಿಯಲ್ಲಿ ಬಿದಿರಿನಂಥ ಒಂದೇ ಪೀಪಿ, ರಂಧ್ರಗಳ ಮೇಲೆ ಮುಚ್ಚಳ, ಮುಚ್ಚಳಕ್ಕೆ ಕೀಲಿ. ಮಿಲಿಟರಿ ಬ್ಯಾಂಡಿಗೆ ಹೇಳಿ ಮಾಡಿಸಿದ್ದು.

ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವೆ ಏನೂ ಇಲ್ಲ. ನಮ್ಮ ಸಂಗೀತಕ್ಕೆ ಬೇಕಾಗಿರುವುದೇ ಆ ನಡುವಿನದು. ಸ್ವರವನ್ನು ತೂಗಬೇಕು, ಜಾರಿಸಬೇಕು, ನಡುಗಿಸಬೇಕು. ಅದನ್ನೇ ಗಮಕ ಎನ್ನುವುದು. ಗಮಕ ಬಾರದು ಎಂಬ ಆಕ್ಷೇಪದ ಮೇಲೆಯೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. 1971ರವರೆಗೆ ಆ ಬಾಗಿಲು ತೆರೆಯಲಿಲ್ಲ. ಅಂಥ ಆಕಾಶವಾಣಿಯೇ ಮುಂದೆ ಈ ಕೀಲಿವಾದ್ಯದ ಗೋಪಾಲನಾಥರಿಗೆ ‘ಎ ಟಾಪ್’ ಶ್ರೇಣಿ ಕೊಟ್ಟಿತು ಎಂದರೆ ನಡುವೆ ಎಷ್ಟು ಬೆವರು ಹರಿದಿರಬೇಕು, ನೀವೇ ಊಹಿಸಿ. ತುಟಿಯ ಬಿಗಿ ಸಡಿಲಿಸಿ, ಉಸಿರನ್ನು ಏರಿಸಿ ಇಳಿಸಿ, ಕೀಲಿಯನ್ನು ಅರ್ಧ ತೆರೆದು ಅವರು ಆ ನಡುವಿನ ಜಾಗವನ್ನು ಹುಡುಕಿಕೊಂಡರು. ಪಾಶ್ಚಾತ್ಯರು ವಾದ್ಯವನ್ನು ಯಾವುದಕ್ಕಾಗಿ ಮಾಡಿದರೋ ಅದಕ್ಕೆ ವಿರುದ್ಧವಾಗಿ ನುಡಿಸುವುದು ಎಂದರೂ ಆದೀತು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ಅವರಿಗೆ ಪಾಠ ಹೇಳಿದ ಮಂಗಳೂರು ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಾಗಲಿ, ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರಾಗಲಿ ಸ್ಯಾಕ್ಸೊಫೋನ್ ವಾದಕರಲ್ಲ. ಟಿ.ವಿ.ಜಿ. ಹಾಡುಗಾರರು, ಮೃದಂಗ ವಿದ್ವಾಂಸರು. ಗುರು ಬಾಯಲ್ಲಿ ಹೇಳಿದ್ದನ್ನು ಶಿಷ್ಯ ಹಿತ್ತಾಳೆಯಲ್ಲಿ ಹೇಳಬೇಕು. ನಮ್ಮ ತೆಲುಗು ನೆಲದ ಇನ್ನೊಬ್ಬರ ಕಥೆಯೂ ಥೇಟು ಹೀಗೆಯೇ ಇದೆ. ಪಶ್ಚಿಮ ಗೋದಾವರಿಯ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಮ್ಯಾಂಡೊಲಿನ್ ಶ್ರೀನಿವಾಸ್ ಅವರಿಗೆ ಗುರು ರುದ್ರರಾಜು ಸುಬ್ಬರಾಜು. ಅವರಿಗೆ ಮ್ಯಾಂಡೊಲಿನ್ ಬಾರದು. ಅವರು ಹಾಡುತ್ತಿದ್ದರು, ಹುಡುಗ ತಂತಿಯ ಮೇಲೆ ಅದನ್ನೇ ಹುಡುಕುತ್ತಿದ್ದ. ಗಿಟಾರಿನ ತಮ್ಮನಂತಿರುವ ಆ ವಿದ್ಯುತ್ ಮ್ಯಾಂಡೊಲಿನ್ನಿಗೆ ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿ ಕಟ್ಟಿಕೊಂಡದ್ದೂ ಗಮಕಕ್ಕಾಗಿಯೇ. ಸುಬ್ಬರಾಜು ಅವರೂ ಟಿ.ವಿ.ಜಿ. ಅವರೂ ಒಬ್ಬರೇ ಗುರುವಿನ, ಅಂದರೆ ಚೆಂಬೈ ವೈದ್ಯನಾಥ ಭಾಗವತರ, ಶಿಷ್ಯರು. ಕರಾವಳಿಯ ಕನ್ನಡಿಗನೂ ಗೋದಾವರಿಯ ತೆಲುಗು ಹುಡುಗನೂ ಚೆಂಬೈಯವರ ಕಂಠದ ಮೊಮ್ಮಕ್ಕಳು.

ಆದ್ದರಿಂದ, ಬಂಧುಗಳೇ, ಇವರ ಮುದ್ರಿಕೆಗಳನ್ನು ‘ಮಾತಿಲ್ಲದ ಸಂಗೀತ’ ಎನ್ನುವುದು ಅರ್ಧ ಸತ್ಯ. ಮಾತು ಇದೆ. ಅದು ವಾದಕನ ಬಾಯೊಳಗೆ ಇದೆ, ನಮ್ಮ ಕಿವಿಗೆ ಬರುವ ಮೊದಲು ಲೋಹ ದಾಟಿ ಬರುತ್ತದೆ, ಅಷ್ಟೆ. ಗೋಪಾಲನಾಥರು ತ್ಯಾಗರಾಜರ ಕೃತಿ ನುಡಿಸುವಾಗ ಗಮನವಿಟ್ಟು ಕೇಳಿ. ಪದ ಶುರುವಾಗುವ ಕಡೆ ನಾಲಿಗೆ ಪೀಪಿಯನ್ನು ತಟ್ಟುತ್ತದೆ. ಒತ್ತಕ್ಷರ ಬಂದಲ್ಲಿ ಸಣ್ಣ ತಡೆ. ದೀರ್ಘ ಬಂದಲ್ಲಿ ಉಸಿರು ಹಾಗೇ ಸಾಗುತ್ತದೆ. ತೆಲುಗು, ಕನ್ನಡ ಎರಡರಲ್ಲೂ ಪದಗಳು ಸ್ವರಾಕ್ಷರದಲ್ಲಿ ಮುಗಿಯುವುದೇ ಹೆಚ್ಚು. ಊದುವ ವಾದ್ಯಕ್ಕೆ ಅದು ವರ. ಸಾಹಿತ್ಯ ಗೊತ್ತಿದ್ದವನಿಗೆ ಸ್ಯಾಕ್ಸೊಫೋನ್ ತೆಲುಗಿನಲ್ಲಿ ಮಾತಾಡಿದಂತೆಯೇ ಕೇಳಿಸುತ್ತದೆ. ಮುಂದಿನದು ಪುರಂದರದಾಸರ ದೇವರನಾಮವಾದರೆ ಅದೇ ವಾದ್ಯ ಕನ್ನಡಕ್ಕೆ ತಿರುಗಿಕೊಳ್ಳುತ್ತದೆ. ಈ ತಿರುವು ಹಿಡಿಯಲು ಎರಡೂ ಭಾಷೆ ಬೇಕು. ಲಂಡನ್ನಿನವನಿಗೆ ಅದು ಸಿಗದು. ಬರೀ ಬೆಂಗಳೂರಿನ ಕನ್ನಡ ಬಲ್ಲವನಿಗೂ ಅರ್ಧವೇ ಸಿಕ್ಕೀತು. 1956ರವರೆಗೆ ಗದ್ವಾಲ, ಅಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಗೆರೆ ಜರುಗಿತು, ನಾಲಿಗೆ ಜರುಗಲಿಲ್ಲ. ಗೋಪಾಲದಾಸರ ಉತ್ತನೂರು ಇದೇ ಸೀಮೆಯದು. ದಾಸರ ಪದವೂ ತ್ಯಾಗಯ್ಯನ ಕೀರ್ತನೆಯೂ ಒಂದೇ ಭಜನೆಯಲ್ಲಿ ಬರುವ ಊರುಗಳು ನಮ್ಮವು. ನಾನು ಹೇಳಿದ ಲಾಭ ಇದೇ.

ಇನ್ನು ರಾಶಿಯ ವಿಷಯಕ್ಕೆ ಬರುತ್ತೇನೆ. ನಿಷ್ಠುರವಾಗಿ ಹೇಳಬೇಕೆಂದರೆ ಅದರಲ್ಲಿ ಪುನರುಕ್ತಿ ಬಹಳ. ಜನಪ್ರಿಯವಾದ ಕೆಲವೇ ಕೃತಿಗಳು ಬೇರೆ ಬೇರೆ ಹೊದಿಕೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಪಟ್ಣಂ ಸುಬ್ರಹ್ಮಣ್ಯ ಅಯ್ಯರರ ಕದನಕುತೂಹಲ ರಾಗದ ಕೃತಿ ಎಷ್ಟು ಕಡೆ ಸಿಕ್ಕಿತೋ ಲೆಕ್ಕ ಬಿಟ್ಟೆ. ಬ್ಯಾಂಡಿನ ನಡಿಗೆಯ ಆ ರಾಗ ಸ್ಯಾಕ್ಸೊಫೋನಿಗೆ ಹೊಂದುತ್ತದೆ, ಕೇಳಿದ ಮಕ್ಕಳೂ ಕುಣಿಯುತ್ತಾರೆ. ಮುದ್ರಿಸುವವರಿಗೆ ಇನ್ನೇನು ಬೇಕು? ಕ್ಯಾಸೆಟ್ಟಿನ ಇನ್ನೊಂದು ತೊಡಕು, ಒಂದು ಮಗ್ಗುಲಿಗೆ ಅರ್ಧ ಗಂಟೆ. ಆಲಾಪನೆ ಬೆಳೆಯುತ್ತಿದೆ ಎನ್ನುವಷ್ಟರಲ್ಲಿ ಕೃತಿ ಎತ್ತಿಕೊಳ್ಳಬೇಕು. ಹಾಗಾಗಿ ಸ್ಟುಡಿಯೋದಲ್ಲಿ ಮಾಡಿದ್ದಕ್ಕಿಂತ ಕಛೇರಿಯಲ್ಲಿ ಹಿಡಿದ ಮುದ್ರಿಕೆಗಳೇ ನನಗೆ ಮೇಲು. ಅಲ್ಲಿ ಮನುಷ್ಯ ಸುಸ್ತಾಗುವುದೂ ಮತ್ತೆ ಚೇತರಿಸುವುದೂ ಕೇಳಿಸುತ್ತದೆ.

ಹಾಗೆ ಹಿಡಿದವುಗಳಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು ಜೊತೆಗಿದ್ದರೆ ಬಿಡಬೇಡಿ. ಕನ್ಯಾಕುಮಾರಿ ವಿಜಯನಗರಂನವರು, ಎಂ.ಎಲ್. ವಸಂತಕುಮಾರಿಯವರ ಶಿಷ್ಯೆ, 2016ರಲ್ಲಿ ಸಂಗೀತ ಕಲಾನಿಧಿ ಆದವರು. ಪಿಟೀಲಿನಲ್ಲಿ ಬೆರಳು ಎಲ್ಲಿ ಬೇಕಾದರೂ ಜಾರುತ್ತದೆ, ಅದಕ್ಕೆ ಕೀಲಿಯ ಕಟ್ಟಿಲ್ಲ. ಅವರು ಒಂದು ವಳಸು ಜಾರಿಸಿ ಬಿಟ್ಟರೆ ಇವರು ಅದನ್ನೇ ಕೀಲಿಗಳ ನಡುವಿನಿಂದ ಹೊರಡಿಸಬೇಕು. ಕಲ್ಪನಾಸ್ವರದಲ್ಲಿ ಸರದಿ ಚಿಕ್ಕದಾಗುತ್ತ ಬಂದು ಕಡೆಗೆ ಯಾರ ಸ್ವರ ಯಾರದೆಂದು ತಿಳಿಯದ ಹಂತ ತಲುಪುತ್ತದೆ. ಕನ್ನಡನಾಡಿನ ಉಸಿರು, ತೆಲುಗುನಾಡಿನ ಕಮಾನು. ಇಡೀ ರಾಶಿಯಲ್ಲಿ ಹತ್ತನ್ನು ಮಾತ್ರ ಇಟ್ಟುಕೋ ಎಂದರೆ ಏಳು ಈ ಜೋಡಿಯವು ಇರಲಿ ಎನ್ನುತ್ತೇನೆ.

ಸಿನಿಮಾದವರು ‘ಡ್ಯುಯೆಟ್’ ನೆನೆಯಬಹುದು. 1994ರಲ್ಲಿ ಕೆ. ಬಾಲಚಂದರ್ ತೆಗೆದ ತಮಿಳು ಚಿತ್ರ, ತೆಲುಗಿನಲ್ಲೂ ಬಂತು. ಎ.ಆರ್. ರೆಹಮಾನ್ ಎದುರು ರಾಗದ ಮೇಲೆ ರಾಗ ನುಡಿಸುತ್ತ ಹೋಗಿ ಕಡೆಗೆ ಕಲ್ಯಾಣವಸಂತ ನುಡಿಸಿದಾಗ ಅವರು ಒಪ್ಪಿದರು ಎಂದು ಗೋಪಾಲನಾಥರೇ ಹೇಳುತ್ತಿದ್ದರು. ತೆರೆಯ ಮೇಲೆ ಊದುವವನು ನಟ, ಉಸಿರು ಇವರದು. ಅದೇ ವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರಾಮ್ಸ್ ಕಛೇರಿಯೂ ಆಯಿತು.

ಹೊರಗಿನವರೊಂದಿಗೆ ಬೆರೆತ ಮುದ್ರಿಕೆಗಳಲ್ಲಿ ಜೊಳ್ಳೂ ಇದೆ, ಗಟ್ಟಿಕಾಳೂ ಇದೆ. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಇವರನ್ನು ಕೇಳಿ ಜೊತೆಗೆ ನುಡಿಸಲು ವೇದಿಕೆ ಹತ್ತಿದಂದಿನಿಂದ ಆ ದಾರಿ ತೆರೆಯಿತು. ಎಷ್ಟೋ ಕಡೆ ಹಿಂದೆ ಒಂದು ಡೋಲು ಬಡಿತ ಹಾಕಿ ಮೇಲೆ ರಾಗ ಹರಿಯಬಿಟ್ಟದ್ದನ್ನೇ ಬೆರಕೆ ಎನ್ನುತ್ತಾರೆ. ಅಂಥವನ್ನು ನಾನು ಬೇಗ ಬದಿಗಿಟ್ಟೆ. 2008ರ ‘ಕಿನ್ಸ್‌ಮೆನ್’ ಹಾಗಲ್ಲ. ‘ಬಂಧುಗಳು’ ಎಂದು ಅದರ ಅರ್ಥ. ಅದನ್ನು ಮಾಡಿದವರು ಅಮೆರಿಕದ ರುದ್ರೇಶ್ ಮಹಾಂತಪ್ಪ. ಹೆಸರೇ ಹೇಳುತ್ತದಲ್ಲ, ಕರ್ನಾಟಕ ಮೂಲದ ಮನೆಯವರು. ಇಟಲಿಯಲ್ಲಿ ಹುಟ್ಟಿ ಕೊಲೊರಾಡೋದಲ್ಲಿ ಬೆಳೆದು ಜಾಝ್ ಸ್ಯಾಕ್ಸೊಫೋನ್ ಕಲಿತವರು. ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಒಂದು ಮುದ್ರಿಕೆ ಕೊಟ್ಟನಂತೆ, ‘ಇಂಡಿಯನ್ ಶೈಲಿಯ ಸ್ಯಾಕ್ಸೊಫೋನ್’ ಎಂದು ಅದರ ಹೊದಿಕೆಯ ಮೇಲಿತ್ತು. ಅದು ಗೋಪಾಲನಾಥರದು. ತಮಾಷೆ ಅಲ್ಲಿಗೆ ನಿಂತಿತು. ಕೆಲವು ವರ್ಷಗಳ ನಂತರ ಆತ ಗುರುಹಿರಿಯರಂತಿದ್ದ ಈ ವಾದಕರ ಪಕ್ಕದಲ್ಲೇ ಕುಳಿತು ಆಲ್ಬಮ್ ಮಾಡಿದ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ಼್ ಅಬ್ಬಾಸಿಯವರ ಗಿಟಾರು ಎಲ್ಲ ಅದರಲ್ಲಿವೆ. ಎರಡೂ ಒಂದೇ ಜಾತಿಯ ವಾದ್ಯ, ಎರಡೂ ಕನ್ನಡದ ಬೇರಿನ ಕೈ. ಆದರೂ ಒಂದು ಸ್ವರದಿಂದ ಸ್ವರಕ್ಕೆ ಹಾರುತ್ತದೆ, ಇನ್ನೊಂದು ಜಾರುತ್ತದೆ. ಯಾವುದು ಯಾರದೆಂದು ನಾಲ್ಕು ನಿಮಿಷದಲ್ಲಿ ಗೊತ್ತಾಗುತ್ತದೆ. ಹೋಲಿಕೆಗೆ ಶ್ರೀನಿವಾಸರು ಕೆನಡಾದ ಗಿಟಾರ್ ವಾದಕ ಮೈಕೇಲ್ ಬ್ರೂಕ್ ಜೊತೆ 1995ರಲ್ಲಿ ಮಾಡಿದ ‘ಡ್ರೀಮ್’ ಕೇಳಬಹುದು. ಸೊಗಸಾಗಿದೆ, ಆದರೆ ಅದರಲ್ಲಿ ಮಂಜು ಹೆಚ್ಚು. ಮ್ಯಾಂಡೊಲಿನ್ ಆಡುವ ಮಾತು ಆ ಮಂಜಿನಲ್ಲಿ ಆಗಾಗ ಕಾಣೆಯಾಗುತ್ತದೆ.

ಒಂದು ಮಾತು ನನ್ನನ್ನು ಕೊರೆಯುತ್ತಲೇ ಇದೆ, ಹೇಳಿಬಿಡುತ್ತೇನೆ. ಗೋಪಾಲನಾಥರ ಕೀರ್ತಿಯ ಹಿಂದೆಯೇ ಕರಾವಳಿಯ ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ನಾಗಸ್ವರದ ಜಾಗಕ್ಕೆ ಸ್ಯಾಕ್ಸೊಫೋನ್ ಬಂದು ಕೂತಿತು. ಇಂದು ಅಲ್ಲಿ ಎಷ್ಟೋ ಕುಟುಂಬಗಳು, ಹೆಣ್ಣುಮಕ್ಕಳೂ ಸೇರಿ, ಅದನ್ನೇ ಊದಿ ಬದುಕುತ್ತಿದ್ದಾರೆ. ಅದು ಒಳ್ಳೆಯದೇ. ಆದರೆ ಮಗ ಗೆದ್ದದ್ದು ತಂದೆಯ ವಾದ್ಯವನ್ನು ಬದಿಗೆ ಸರಿಸಿ ಎಂಬುದೂ ನಿಜವೇ. ಗೋಪಾಲನಾಥರ ಗಮಕ ಹುಟ್ಟಿದ್ದು ತನಿಯಪ್ಪನವರ ನಾಗಸ್ವರದ ಮಡಿಲಲ್ಲಿ. ಆ ನಾಗಸ್ವರವನ್ನು ಕೇಳದೆ ಬರೀ ಕೀಲಿ ಕಲಿತ ಹುಡುಗ ಆ ನಡುವಿನ ಜಾಗವನ್ನು ಎಲ್ಲಿಂದ ತರುತ್ತಾನೆ? ನಮ್ಮ ಕಡೆ ಸನ್ನಾಯಿಯ ಜಾಗಕ್ಕೆ ಬಂದಿರುವುದು ಸ್ಯಾಕ್ಸೊಫೋನೂ ಅಲ್ಲ, ಡಿ.ಜೆ. ಪೆಟ್ಟಿಗೆ. ಊರಿನ ಭಜಂತ್ರಿಯವರಲ್ಲಿ ಇನ್ನೂ ಊದಬಲ್ಲವರು ಇದ್ದರೆ ಅವರನ್ನು ಮೊಬೈಲಿನಲ್ಲಿಯಾದರೂ ಹಿಡಿದಿಡಿ. ಹತ್ತು ನಿಮಿಷದ ಓಲಗ ಸಾಕು. ಊದಿದವರ ಹೆಸರು, ಊರು, ದಿನಾಂಕ ಮೊದಲೇ ಬಾಯಲ್ಲಿ ಹೇಳಿಸಿ.

ಯಾಕೆಂದರೆ ಕ್ಯಾಸೆಟ್ಟಿನ ಹೊದಿಕೆಯೊಳಗೆ ಒಂದು ಚೀಟಿ ಇರುತ್ತಿತ್ತು: ರಾಗ, ತಾಳ, ಯಾರ ರಚನೆ, ಮೃದಂಗಕ್ಕೆ ಯಾರು ಎಂದು. ಅದು ಅರ್ಧ ಪಾಠಶಾಲೆ. ಈಗ ಮೊಬೈಲಿನಲ್ಲಿ ‘ಸ್ಯಾಕ್ಸೊಫೋನ್ ಮಂಗಳವಾದ್ಯ’ ಎಂಬ ಒಂದೇ ಹೆಸರಿನಡಿ ಎರಡು ಗಂಟೆ ಹರಿಯುತ್ತದೆ. ಏನು ಕೇಳುತ್ತಿದ್ದೇವೆಂದು ತಿಳಿಯದು. ಅದಕ್ಕೇ ಮನೆಯ ಮಕ್ಕಳಿಗೆ ಅದು ಮದುವೆಯ ಸದ್ದು ಮಾತ್ರ ಆಗಿಬಿಟ್ಟಿದೆ. ಶಾಲೆಯಲ್ಲಿ ದಾಸರ ಪದವಿಲ್ಲ, ಮನೆಯಲ್ಲಿ ತ್ಯಾಗರಾಜರಿಲ್ಲ. ಸಾಹಿತ್ಯ ಹೋದರೆ ಸ್ಯಾಕ್ಸೊಫೋನಿನ ನಾಲಿಗೆ ತಟ್ಟುವುದು ಯಾಕೆಂದು ಗೊತ್ತಾಗುವುದಾದರೂ ಹೇಗೆ?

2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು. ಶ್ರೀನಿವಾಸರು ಅದಕ್ಕೂ ಐದು ವರ್ಷ ಮೊದಲೇ, 2014ರಲ್ಲಿ, ನಲವತ್ತೈದಕ್ಕೇ ಹೊರಟುಹೋಗಿದ್ದರು. ಉಳಿದದ್ದು ಈ ರಾಶಿ.

ಕೇಳಲು ಶುರುಮಾಡುವವರಿಗೆ ನನ್ನ ಸಲಹೆ: ಕದನಕುತೂಹಲ ಆಮೇಲೆ ಇರಲಿ. ಶುಕ್ರವಾರದ ಪೂಜೆಗೆ ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ದೇವರನಾಮ ಇದೆಯಲ್ಲ, ಎಲ್ಲರಿಗೂ ಗೊತ್ತಿರುವುದು, ಅದರ ಸ್ಯಾಕ್ಸೊಫೋನ್ ಮುದ್ರಿಕೆಯನ್ನು ಮೊದಲು ಹಾಕಿ. ಹಿಂದೆಯೇ ತ್ಯಾಗರಾಜರದೊಂದು. ಮನೆಯ ಅಜ್ಜಿಯನ್ನೋ ಅಜ್ಜನನ್ನೋ ಎದುರಿಗೆ ಕೂರಿಸಿಕೊಳ್ಳಿ, ಮಕ್ಕಳನ್ನೂ ಕರೆಯಿರಿ. ವಾದ್ಯ ನುಡಿಯುತ್ತಿರುವಾಗ ಹಿರಿಯರ ತುಟಿಗಳನ್ನು ನೋಡುತ್ತಿರಿ. ಎಲ್ಲಿ ಅಲುಗಿದವೋ ಅಲ್ಲಿ ನಿಲ್ಲಿಸಿ, ಆ ಪದವೇನೆಂದು ಕೇಳಿ ಬರೆದುಕೊಂಡು, ಮತ್ತೆ ಮೊದಲಿನಿಂದ ಹಾಕಿ.