ಮಕ್ಕಳಿಗೊಂದು ಮಾತಿನ ಕೋಣೆ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಗಳ ವಿಚಾರವಾಗಿ ಮಾತನಾಡುವುದು ವಾಡಿಕೆ. ಬೋಧಕ ವೃತ್ತಿಯಲ್ಲಿರುವ ನಾವು ಕೆಲವರು ಇಂದು ಆಡಬೇಕೆಂದಿರುವುದು, ಆ ನುಡಿಯನ್ನು ಮನೆಯಲ್ಲಿ ಕಲಿತು, ಕಾಲೇಜಿನಲ್ಲಿ ಇಂಗ್ಲಿಷನ್ನು ಓದಿ, ತಮ್ಮ ದುಃಖವನ್ನು ಯಾವ ಭಾಷೆಯಲ್ಲಿಯೂ ಹೇಳಲಾರದೆ ಕುಳಿತಿರುವ ಮಕ್ಕಳ ವಿಚಾರ. ಹಬ್ಬದ ದಿನ ಈ ಮಾತೇಕೆ ಎಂದು ಯಾರೂ ಬೇಸರಿಸಬಾರದು. ಇಷ್ಟು ಮಂದಿ ತಂದೆತಾಯಿಗಳು ಒಂದೆಡೆ ದೊರೆಯುವ ದಿನ ನಮಗೆ ಬೇರೊಂದಿಲ್ಲ.

2022ನೆಯ ವರ್ಷದಲ್ಲಿ ನಮ್ಮ ದೇಶದ 13,044 ಮಂದಿ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಹೇಳುತ್ತದೆ. ನಿದ್ದೆ ಬಾರದವರು, ಊಟ ಬಿಟ್ಟವರು, ತರಗತಿಗೆ ಹೋಗುವುದನ್ನು ನಿಲ್ಲಿಸಿ ಫೋನಿನಲ್ಲಿ "ಚೆನ್ನಾಗಿದ್ದೇನೆ ಅಮ್ಮಾ" ಎನ್ನುವವರು ಈ ಲೆಕ್ಕದಲ್ಲಿ ಬಂದಿಲ್ಲ. ಅವರ ಕಷ್ಟಗಳು ಬೇರೆ ಬೇರೆ. ಆದರೆ "ನನಗೊಬ್ಬನಿಗೇ ಹೀಗೆ" ಎಂಬ ಭಾವನೆ ಬಹುಮಂದಿಯಲ್ಲಿ ಒಂದೇ. ಊರ ಶಾಲೆಯಲ್ಲಿ ಮೊದಲಿಗನಾಗಿದ್ದ ಹುಡುಗ ದೊಡ್ಡ ವಿದ್ಯಾಸಂಸ್ಥೆಗೆ ಬಂದು, ಮೊದಲಿಗರೇ ತುಂಬಿರುವ ತರಗತಿಯಲ್ಲಿ ನಲವತ್ತನೆಯವನಾದಾಗ, ಉಳಿದ ಮೂವತ್ತೊಂಬತ್ತು ಮಂದಿಯೂ ಸುಖವಾಗಿದ್ದಾರೆಂದೇ ನಂಬುತ್ತಾನೆ.

ಈ ನಂಬಿಕೆಯನ್ನು ಒಡೆಯಲು ಉಪದೇಶಕ್ಕಿಂತ ಜೊತೆಯವರ ಬಾಯಿಂದ ಬಂದ ಮಾತಿಗೆ ಹೆಚ್ಚು ಶಕ್ತಿಯಿದೆ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಕೂಡಿಸಿ ಪಥ್ಯ, ವಿಶ್ರಾಂತಿಗಳ ಪಾಠ ಹೇಳತೊಡಗಿದರು. ಒಬ್ಬರನ್ನೊಬ್ಬರು ಕಂಡು ರೋಗಿಗಳು ಧೈರ್ಯ ತಾಳುವುದು ಅವರ ಗಮನಕ್ಕೆ ಬಂತು. ಗುಂಪು ಚಿಕಿತ್ಸೆಯ ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದ ಆರಂಭಿಸುತ್ತಾರೆ. 1970ರಲ್ಲಿ ಇರ್ವಿನ್ ಯಾಲೊಮ್ ಎಂಬ ಮನೋವೈದ್ಯರು ಈ ವಿಷಯವಾಗಿ ದೊಡ್ಡ ಗ್ರಂಥವೊಂದನ್ನು ಬರೆದರು. ಗುಂಪಿನಿಂದ ಗುಣವಾಗಲು ಅವರು ಕೊಟ್ಟ ಕಾರಣಗಳಲ್ಲಿ ಎರಡು ನಮ್ಮ ಮಕ್ಕಳಿಗೆ ಬಹಳ ಸಲ್ಲುತ್ತವೆ: ತನ್ನ ನೋವು ತನ್ನೊಬ್ಬನದಲ್ಲವೆಂದು ತಿಳಿಯುವುದು ಒಂದು, ತನ್ನಿಂದಲೂ ಇನ್ನೊಬ್ಬನಿಗೆ ಉಪಕಾರವಾಯಿತೆಂದು ಕಾಣುವುದು ಮತ್ತೊಂದು.

ಇದರ ರೀತಿ ಸರಳ. ಆರರಿಂದ ಹತ್ತು ಮಂದಿ, ವಾರಕ್ಕೊಮ್ಮೆ, ಸುಮಾರು ಒಂದೂವರೆ ಗಂಟೆ ದುಂಡಗೆ ಕುಳಿತುಕೊಳ್ಳುತ್ತಾರೆ. ತರಬೇತಾದ ಚಿಕಿತ್ಸಕರೊಬ್ಬರು ಜೊತೆಗಿರುತ್ತಾರೆ. ಒಬ್ಬನು ಹೇಳಿದ್ದನ್ನು ಇತರರು ಕೇಳಿ, ತಮಗೂ ಹಾಗಾದುದಿದ್ದರೆ ಹೇಳುತ್ತಾರೆ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂಬುದು ಮೊದಲ ನಿಯಮ. ಇದು ಗುಂಪು ಚಿಕಿತ್ಸೆ. ಚಿಕಿತ್ಸಕರಿಲ್ಲದೆ, ಕೇಳುವುದನ್ನು ಕಲಿತ ವಿದ್ಯಾರ್ಥಿಗಳೇ ತಮ್ಮ ಜೊತೆಯವರಿಗೆ ಆಸರೆಯಾಗುವುದು ಇನ್ನೊಂದು ಬಗೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ 1970ರಲ್ಲಿ ವಿದ್ಯಾರ್ಥಿಗಳು 'ನೈಟ್‌ಲೈನ್' ಎಂಬ ಹೆಸರಿನಿಂದ ರಾತ್ರಿಯ ಹೊತ್ತು ಫೋನಿನ ಬಳಿ ಕುಳಿತು ಸಹಪಾಠಿಗಳ ಕಷ್ಟ ಕೇಳಲು ಆರಂಭಿಸಿದರು. ಆ ಏರ್ಪಾಡು ಮುಂದೆ ಬೇರೆ ವಿಶ್ವವಿದ್ಯಾನಿಲಯಗಳಿಗೂ ಹರಡಿತು.

ಇಂತಹ ಕೂಟಗಳಿಗೆ ಮಿತಿಯೂ ಉಂಟು. ಗೆಳೆಯನು ವೈದ್ಯನಲ್ಲ. ಪ್ರಾಣ ಕಳೆದುಕೊಳ್ಳುವ ಮಾತು ಬಂದಾಗ ಗುಟ್ಟಿನ ನಿಯಮವನ್ನು ಬದಿಗಿಟ್ಟು ಕೂಡಲೆ ವೈದ್ಯರನ್ನು ಕಾಣಿಸಬೇಕು. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿರಬೇಕು. ಸರ್ಕಾರವು 2022ರ ಅಕ್ಟೋಬರಿನಲ್ಲಿ ತೆರೆದ 'ಟೆಲಿ ಮಾನಸ್' ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳೂ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆ ಪ್ರತಿ ಮನೆಯಲ್ಲಿಯೂ ಬರೆದಿಟ್ಟಿರಲಿ.

ಇನ್ನು ನಮ್ಮ ಸಂಘದ ಮಾತು. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬಹುದು, ಕೆಲಸ ಹುಡುಕಬಹುದು. ಆದರೆ "ಅಪ್ಪನಿಗೆ ಮುಖ ತೋರಿಸಲಾರೆ" ಎಂಬ ಸಂಕಟ ಹಲವು ಮಕ್ಕಳಿಗೆ ಮನೆಮಾತಿನಲ್ಲಿಯೇ ಬರುತ್ತದೆ. ಈ ನಗರದಲ್ಲಿ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ ಸಂಘದ ವಾಚನಾಲಯದ ಹಿಂದಿನ ಕೋಣೆಯನ್ನು ವಾರಕ್ಕೊಂದು ಸಂಜೆ ಬಿಟ್ಟುಕೊಡಬೇಕೆಂದು ನಾವು ಕೇಳುತ್ತೇವೆ. ಗೆಳೆಯರ ಗುಂಪು ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಆ ಹೆಸರಿನಲ್ಲಿ ಕೂಡಿದವರು ಸಾಹಿತ್ಯಕ್ಕಾಗಿ ಕೂಡಿದರು. ಇವರು ಮನಸ್ಸಿನ ಹೊರೆ ಇಳಿಸಲು ಕೂಡಲಿ.

ಇದರಲ್ಲಿ ಒಂದು ಅಪಾಯವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮದು ಚಿಕ್ಕ ಸಮಾಜ. ಇವರ ಮಗಳನ್ನು ಅವರು ಬಲ್ಲರು, ಅವರ ಮಗನನ್ನು ಇವರು ಬಲ್ಲರು. ಇಂದು ಕೋಣೆಯಲ್ಲಿ ಆಡಿದ ಮಾತು ನಾಳೆ ಮದುವೆಯ ಮನೆಯಲ್ಲಿ ಪಿಸುಮಾತಾಗಿ ಕೇಳಿಬಂದರೆ ಆ ಕೋಣೆಗೆ ಯಾರೂ ಮತ್ತೆ ಕಾಲಿಡಲಾರರು. ಆದುದರಿಂದ ಕೂಟವನ್ನು ನಡೆಸುವವರು ಕನ್ನಡ ಬಲ್ಲ, ಆದರೆ ನಮ್ಮ ಬಳಗದ ಹೊರಗಿನ ತರಬೇತಾದ ಚಿಕಿತ್ಸಕರಾಗಿರಬೇಕು. ಸಂಘದ ದಫ್ತರದಲ್ಲಿ ಹಾಜರಿಯ ಪಟ್ಟಿ ಇರಕೂಡದು. ಪರಸ್ಪರ ಪರಿಚಯವಿದ್ದು ಸಂಕೋಚಪಡುವವರನ್ನು ಒಂದೇ ಕೂಟದಲ್ಲಿ ಕೂಡಿಸಕೂಡದು.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹ ಒಂದೇ. ಮಗನೋ ಮಗಳೋ ಅಲ್ಲಿಗೆ ಹೋಗಿಬಂದ ಸಂಜೆ "ಏನು ಮಾತಾಡಿದೆ?" ಎಂದು ಕೇಳಬೇಡಿ. "ನಮ್ಮ ಮನೆಯಲ್ಲಿ ಏನು ಕಡಿಮೆಯಾಯಿತೆಂದು ಅಲ್ಲಿಗೆ ಹೋಗಬೇಕು?" ಎಂದೂ ಕೇಳಬೇಡಿ. ಮನೆಯಲ್ಲಿ ಪ್ರೀತಿ ಇದ್ದೇ ಇದೆ. ಆ ಪ್ರೀತಿಗೆ ನೋವಾಗಬಾರದೆಂದೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಬಿಸಿಬಿಸಿ ಅನ್ನ ಬಡಿಸಿ ಸುಮ್ಮನಿರಿ. ಅವರಾಗಿ ಹೇಳಿದರೆ ಕೇಳಿರಿ.

ದೂರದ ಊರುಗಳಿಗೆ ಬರಿಗೈಯಲ್ಲಿ ಬಂದ ನಮ್ಮ ಹಿರಿಯರು ಒಬ್ಬರಿಗೊಬ್ಬರು ಆಸರೆಯಾಗಲೆಂದೇ ಇಂತಹ ಸಂಘಗಳನ್ನು ಕಟ್ಟಿದರು. ಮುಂಬಯಿಯಲ್ಲಿ ಹಗಲೆಲ್ಲ ದುಡಿದ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳು ನಡೆದುದೂ ಅದೇ ಮನೋಧರ್ಮದಿಂದ. ಅಂದು ಬೇಕಾಗಿದ್ದುದು ಅಕ್ಷರ. ಇಂದು ಬೇಕಾಗಿರುವುದು ಕೇಳುವ ಕಿವಿ. ಕೋಣೆಯ ಬೀಗದ ಕೈಯನ್ನು ಕೊಡುವ ವಿಚಾರವನ್ನು ಕಾರ್ಯಕಾರಿ ಸಮಿತಿಯು ಮುಂದಿನ ಸಭೆಯಲ್ಲಿಯೇ ತೀರ್ಮಾನಿಸಲೆಂದು ಅರಿಕೆ ಮಾಡಿಕೊಳ್ಳುತ್ತೇವೆ.