ಕೂಸಿನ ಏದುಸಿರು ಮತ್ತು ಕಿರಿದಾದ ಶ್ವಾಸಕೋಶದ ರಕ್ತನಾಳಗಳು

(ವೈದ್ಯಾಧಿಕಾರಿಗಳ ಭಾಷಣ)

ಹಾನಗಲ್ಲ, ಶಿಗ್ಗಾಂವ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ದಂಪತಿಗಳೇ,

ಕೂಸಿಗೆ ನೆಗಡಿ, ಕೆಮ್ಮು ಬರುವುದು ಸಾಮಾನ್ಯ. ಅವು ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ ಗುಣವಾಗುತ್ತವೆ. ಆದರೆ ಔಷಧ ಕೊಟ್ಟಾಗ ತುಸು ತಗ್ಗಿ ಮತ್ತೆ ಮತ್ತೆ ಮರುಕಳಿಸುವ ಏದುಸಿರಿಗೆ ಬೇರೆಯೇ ಕಾರಣವಿರಬಹುದು. ಅಂಥ ಕಾರಣಗಳಲ್ಲಿ ಒಂದಾದ, ವಿರಳವಾದರೂ ಅಪಾಯಕರವಾದ ರೋಗವನ್ನು ಕುರಿತು ಇಂದು ತಿಳಿಸಬಯಸುತ್ತೇನೆ.

ಉಸಿರಿನಿಂದ ಆಮ್ಲಜನಕವನ್ನು ಪಡೆದ ರಕ್ತವು ಸಾಮಾನ್ಯವಾಗಿ 4 ನಾಳಗಳ ಮೂಲಕ ಶ್ವಾಸಕೋಶಗಳಿಂದ ಹೃದಯದ ಎಡಭಾಗಕ್ಕೆ ಹರಿಯುತ್ತದೆ. ಈ ನಾಳಗಳ ಗೋಡೆ ಒಳಗೆ ದಪ್ಪವಾಗಿ ದಾರಿ ಕಿರಿದಾದರೆ ರಕ್ತವು ಹಿಂದೆಯೇ ತಡೆದು ನಿಲ್ಲುತ್ತದೆ. ಭತ್ತದ ಗದ್ದೆಯಿಂದ ನೀರು ಹೊರಹೋಗುವ ಬಾಯಿ ಹೂಳಿನಿಂದ ಮುಚ್ಚಿದರೆ ಗದ್ದೆಯೇ ಮುಳುಗುವುದಿಲ್ಲವೇ? ಹಾಗೆಯೇ ಶ್ವಾಸಕೋಶದಲ್ಲಿ ಒತ್ತಡ ಏರಿ ನೀರು ಜಿನುಗುತ್ತದೆ. ಕಾಲಕ್ರಮದಲ್ಲಿ ಹೃದಯದ ಬಲಭಾಗವೂ ಸೋಲುತ್ತದೆ.

ಕೆಲವು ಶಿಶುಗಳಿಗೆ ಈ ದೋಷ ಹುಟ್ಟಿನಿಂದಲೇ ಇರುತ್ತದೆ. ಅವಧಿಗೆ ಮುನ್ನ ಜನಿಸಿ ಬಹುದಿನ ಆಮ್ಲಜನಕದ ಆಸರೆಯಲ್ಲಿದ್ದ ಶಿಶುಗಳಲ್ಲಿ ಹಾಗೂ ಇದೇ ನಾಳಗಳ ಜೋಡಣೆಯ ದೋಷಕ್ಕೆ ಶಸ್ತ್ರಕ್ರಿಯೆಯಾದ ಶಿಶುಗಳಲ್ಲಿ ಇದು ತಿಂಗಳುಗಳ ಅನಂತರವೂ ತಲೆದೋರಬಹುದು. ತಾಯಿ ಗ್ರಹಣ ನೋಡಿದುದರಿಂದಾಗಲಿ, ಏನನ್ನೋ ತಿಂದುದರಿಂದಾಗಲಿ ಇದು ಬರುವುದಿಲ್ಲ. ಆಕೆಯನ್ನು ದೂಷಿಸುವುದು ಅನ್ಯಾಯ.

ಈ ಚಿಹ್ನೆಗಳನ್ನು ಗಮನಿಸಿರಿ. ಕೂಸು ಮಲಗಿ ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಿರಿ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2 ತಿಂಗಳಿಂದ 1 ವರ್ಷದವರೆಗಿನ ಕೂಸಿಗೆ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಮೊಲೆಯುಣ್ಣುವಾಗ ದಣಿದು ಬಿಡುವುದು, ಹಣೆ ಬೆವರುವುದು, ತೂಕ ಏರದಿರುವುದು, ಪದೇ ಪದೇ ನ್ಯುಮೋನಿಯಾ ಆಗುವುದು ಸಹ ಎಚ್ಚರಿಕೆಯ ಚಿಹ್ನೆಗಳು. ತುಟಿ ನೀಲಿಯಾದರೆ, ಪಕ್ಕೆ ಒಳಸೆಳೆದರೆ ಅಥವಾ ಕೆಮ್ಮಿನಲ್ಲಿ ರಕ್ತ ಬಂದರೆ ಕೂಡಲೇ 108ಕ್ಕೆ ಕರೆಮಾಡಿರಿ. ಹೊಟ್ಟೆಗೆ ಬರೆ ಹಾಕಿಸಬೇಡಿರಿ. ಅದರಿಂದ ಗಾಯವೂ ನಂಜೂ ಉಂಟಾಗಿ ಅಮೂಲ್ಯವಾದ ಸಮಯ ಕಳೆಯುತ್ತದೆ.

ಈ ರೋಗದಲ್ಲಿ ಎದೆಗೆ ನಳಿಕೆಯಿಟ್ಟು ಆಲಿಸಿದರೆ ಅಸಹಜ ಸದ್ದು ಕೇಳದೆಯೂ ಇರಬಹುದು. ಎಕ್ಸ್‌ರೇ ಚಿತ್ರವೂ ನ್ಯುಮೋನಿಯಾದಂತೆಯೇ ತೋರಬಹುದು. ಆದುದರಿಂದ ಎಕೋ ಪರೀಕ್ಷೆಯಲ್ಲಿ ಪ್ರತಿಯೊಂದು ನಾಳದ ಹರಿವನ್ನೂ ನೋಡಬೇಕು. ಅಗತ್ಯವಿದ್ದರೆ ಸಿ.ಟಿ. ಚಿತ್ರ ತೆಗೆದು, ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಒತ್ತಡ ಅಳೆಯುತ್ತಾರೆ.

ಚಿಕಿತ್ಸೆ ಉಂಟು. ಬಲೂನಿನಿಂದ ನಾಳವನ್ನು ಹಿಗ್ಗಿಸುವುದು, ಒಳಗೆ ಸ್ಟೆಂಟ್ ಇರಿಸುವುದು, ಶಸ್ತ್ರಕ್ರಿಯೆ ಮಾಡುವುದು ಅದರ ವಿಧಾನಗಳು. ನಾಳದ ಅಂಚಿಗೆ ಹೊಲಿಗೆ ಬಿದ್ದರೆ ಅಲ್ಲಿಯೇ ಮತ್ತೆ ದಪ್ಪವಾಗುವ ಸಂಭವವಿರುವುದರಿಂದ, ಸುತ್ತಲಿನ ಹೃದಯದ ಹೊರಪೊರೆಯನ್ನು ಹೃದಯಕ್ಕೆ ಹೊಲಿಯುವ ಪದ್ಧತಿ ಬಳಕೆಯಲ್ಲಿದೆ. ಮತ್ತೆ ಕಿರಿದಾಗುವುದನ್ನು ತಡೆಯಲು ಕೆಲವು ಕೇಂದ್ರಗಳಲ್ಲಿ ಸಿರೋಲಿಮಸ್ ಎಂಬ ಔಷಧವನ್ನೂ ಕೊಡುತ್ತಾರೆ. ಒಂದೇ ನಾಳ ಕಿರಿದಾಗಿದ್ದರೆ ಅಪಾಯ ಕಡಿಮೆ. ಹಲವು ಕಿರಿದಾಗಿದ್ದರೆ ಹೆಚ್ಚು. ರೋಗ ಮರುಕಳಿಸಬಹುದಾದ್ದರಿಂದ ಕೂಸು ಚೇತರಿಸಿದಂತೆ ಕಂಡರೂ ವೈದ್ಯರು ಹೇಳಿದ ದಿನ ಮರುಪರೀಕ್ಷೆ ತಪ್ಪಿಸಬಾರದು.

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಅಲ್ಲಿಂದ ಹಾವೇರಿ ಜಿಲ್ಲಾ ಆಸ್ಪತ್ರೆಗೆ, ಮುಂದೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಹೃದ್ರೋಗವೂ ಸೇರಿದೆ. ಹಣದ ಚಿಂತೆಯಿಂದ ಮನೆಯಲ್ಲಿ ಕೂಡದೆ ಆ ನೆರವನ್ನು ಕೇಳಿ ಪಡೆಯಿರಿ.

ಎಲ್ಲ ದೋಷಗಳನ್ನೂ ತಡೆಯಲಾಗದು. ಆದರೆ ಹೆರಿಗೆಗಳ ನಡುವೆ 3 ವರ್ಷ ಅಂತರವಿಟ್ಟು, ಗರ್ಭಿಣಿಯು ನಿಯಮಿತ ತಪಾಸಣೆ ಮಾಡಿಸಿಕೊಂಡರೆ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಕಡಿಮೆಯಾಗುತ್ತದೆ. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ರಕ್ತಸಂಬಂಧದ ಮದುವೆಗಳನ್ನು ಬಿಟ್ಟರೆ ಹುಟ್ಟುದೋಷಗಳ ಭಯವೂ ತಗ್ಗುತ್ತದೆ.

ಕೂಸು ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳಲಾರದು. ಅದರ ಉಸಿರನ್ನು ಎಣಿಸುವ ಕೆಲಸ ತಾಯಿಯೊಬ್ಬಳದಲ್ಲ, ತಂದೆಯದೂ ಹೌದು. ಇಬ್ಬರೂ ಕಲಿತುಕೊಳ್ಳಿರಿ.